ನಿಮ್ಮೂರಿಗೆ ಬಂದ ಕೃಷಿ ಸಬ್ಸಿಡಿ ಯಾರಿಗೆ ಹೋಯಿತು? ಪಟ್ಟಿ ಹುಡುಕಿ, ಓದಿ, ಕೇಳಿ ಪಡೆಯುವ ಸಮಗ್ರ ಮಾರ್ಗದರ್ಶಿ

ವಿಜಯಪುರ ಜಿಲ್ಲೆಯ ನಮ್ಮೂರಲ್ಲಿ 2024ರ ಬೇಸಿಗೆಯಲ್ಲಿ ಎರಡು ಮನೆಯವರು ಮಾತು ಬಿಟ್ಟಿದ್ದರು. ಜಗಳಕ್ಕೆ ಕಾರಣ ಬರ ಪರಿಹಾರ. ನಮ್ಮ ಕಾಕಾನ ಹೊಲ 3 ಎಕರೆ 30 ಗುಂಟೆ. ಬದುವಿನ ಆಚೆ ಕಡೆಯವರದೂ ಹೆಚ್ಚೂಕಡಿಮೆ ಅಷ್ಟೇ. ಇಬ್ಬರೂ ತೊಗರಿ ಬಿತ್ತಿದ್ದರು, ಇಬ್ಬರದೂ ಒಣಗಿತ್ತು. ಅವರ ಖಾತೆಗೆ ಎಲ್ಲ ಸೇರಿ ಹನ್ನೆರಡು ಸಾವಿರದ ಮೇಲೆ ಬಂತು. ಕಾಕಾಗೆ ಬಂದಿದ್ದು 4,300. "ನನ್ನ ರೊಕ್ಕ ಅಂವಾನ ಹೊಡದಾನ ನೋಡು" ಅಂತ ಕಾಕಾ ಗುಡಿ ಕಟ್ಟೆ ಮೇಲೆ ಕೂತು ಹೇಳಿದ ಮಾತು ಸಂಜೆಯೊಳಗೆ ಅವರ ಕಿವಿ ಮುಟ್ಟಿತು.

ಕಟ್ಟೆ ಮೇಲೆ ಇಷ್ಟು ದಿನ ಚರ್ಚೆ ನಡೆಯಿತಲ್ಲ, ಯಾರೂ ಪಟ್ಟಿ ನೋಡಿರಲಿಲ್ಲ. ನೋಡಬಹುದು ಅನ್ನುವುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಆಗ ಹುಡುಕಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ದಾರಿ ಒಂದೇ.

ಕಾನೂನು ಏನು ಹೇಳುತ್ತದೆ, ಚಿಕ್ಕದಾಗಿ

2005ರ ಮಾಹಿತಿ ಹಕ್ಕು ಕಾಯ್ದೆ ಅಂದರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕುವುದು ಅಂತಷ್ಟೇ ನಾವು ತಿಳಿದಿದ್ದೇವೆ. ಅದೇ ಕಾಯ್ದೆಯ 4ನೇ ಕಲಂ ಬೇರೆ ಮಾತು ಹೇಳುತ್ತದೆ. ಯಾರೂ ಕೇಳದಿದ್ದರೂ ಪ್ರತಿ ಕಚೇರಿ ತಾನಾಗಿಯೇ ಕೆಲವು ವಿವರ ಪ್ರಕಟಿಸಬೇಕು. ಕಲಂ 4(1)(ಬಿ)ಯ 12ನೇ ಅಂಶ ನೇರವಾಗಿ ಸಬ್ಸಿಡಿಯದ್ದು: ಸಹಾಯಧನದ ಯೋಜನೆ ಹೇಗೆ ನಡೆಯುತ್ತದೆ, ಎಷ್ಟು ಹಣ ಇಟ್ಟಿದ್ದಾರೆ, ಫಲಾನುಭವಿಗಳು ಯಾರು. ಈ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಚೇರಿಯಲ್ಲಿ "ಅದೆಲ್ಲ ಕೊಡಲು ಬರುವುದಿಲ್ಲ" ಅಂದಾಗ ಈ ಚೀಟಿ ಕೆಲಸಕ್ಕೆ ಬರುತ್ತದೆ.

ಈ ಕಾಯ್ದೆ ಹುಟ್ಟಿದ ಕಥೆಯಲ್ಲೂ ಹಳ್ಳಿಯ ಪಟ್ಟಿಗಳೇ ಇವೆ. ರಾಜಸ್ಥಾನದ ಕೂಲಿಕಾರರು 1990ರ ದಶಕದಲ್ಲಿ ಮಸ್ಟರ್ ರೋಲ್ (ಕೂಲಿಯವರ ಹಾಜರಿ ಪಟ್ಟಿ) ತಂದು ಊರ ನಡುವೆ ಓದಿಸಿದರು. ಸತ್ತವರ ಹೆಸರಲ್ಲೂ ಕೂಲಿ ಹೋಗಿದ್ದು ಹೊರಬಿತ್ತು. "ನಮ್ಮ ದುಡ್ಡು, ನಮ್ಮ ಲೆಕ್ಕ" ಅನ್ನುವ ಕೂಗು ಅಲ್ಲಿಂದ ಬಂತು.

ಮೊದಲ ಹೆಜ್ಜೆ: ಯಾವ ರೊಕ್ಕ ಅಂತ ಬೇರೆ ಮಾಡಿ

"ಅವರಿಗೆ ಸಬ್ಸಿಡಿ ಬಂತಂತೆ" ಅನ್ನುವ ಒಂದು ಮಾತಿನಲ್ಲಿ ಐದಾರು ಬಗೆಯ ಹಣ ಕಲೆತಿರುತ್ತದೆ. ಬಾಗಿಲು ತಪ್ಪಿದರೆ ಸುಮ್ನೆ ಅಲೆದಾಟ.

ಬರ, ನೆರೆ, ಅಕಾಲಿಕ ಮಳೆಯ ಬೆಳೆಹಾನಿ ಪರಿಹಾರ ಕಂದಾಯ ಇಲಾಖೆಯದು. ಅದಕ್ಕೆ ತಹಶೀಲ್ದಾರ್ ಕಚೇರಿ. ಬೀಜ, ತಾಡಪತ್ರಿ, ಸ್ಪ್ರಿಂಕ್ಲರ್ ಪೈಪು, ರೋಟಾವೇಟರ್, ಕೃಷಿ ಹೊಂಡ ಇವೆಲ್ಲ ಕೃಷಿ ಇಲಾಖೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ, ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಲೆಕ್ಕ. ದ್ರಾಕ್ಷಿ, ದಾಳಿಂಬೆ, ಲಿಂಬೆ ತೋಟದ ಡ್ರಿಪ್, ಈರುಳ್ಳಿ ಶೇಖರಣಾ ಘಟಕ ತೋಟಗಾರಿಕೆ ಇಲಾಖೆಗೆ ಬರುತ್ತವೆ. ತಿಕೋಟಾ ಕಡೆಯ ದ್ರಾಕ್ಷಿ ರೈತರು, ಇಂಡಿಯ ಲಿಂಬೆ ರೈತರು ಕೃಷಿ ಇಲಾಖೆಯಲ್ಲಿ ಕೇಳಿ ಬರಿಗೈಲಿ ಬರುವುದು ಇದಕ್ಕೇ. ವರ್ಷಕ್ಕೆ 6,000 ಕೊಡುವ ಪಿಎಂ ಕಿಸಾನ್ ಕೇಂದ್ರದ್ದು. ಬೆಳೆ ವಿಮೆ ಕೊಡುವುದು ವಿಮಾ ಕಂಪನಿ. ಬಡ್ಡಿ ಇಲ್ಲದ ಬೆಳೆ ಸಾಲದ ಬಡ್ಡಿಯನ್ನು ಸರ್ಕಾರ ತುಂಬುತ್ತದೆ, ಆ ಲೆಕ್ಕ ಸೊಸೈಟಿ ಮತ್ತು ಡಿಸಿಸಿ ಬ್ಯಾಂಕಿನಲ್ಲಿ ಸಿಗುತ್ತದೆ.

ಹೆಸರೇ ಇಲ್ಲದ ಸಬ್ಸಿಡಿಯೂ ಇದೆ. ಅದರ ಮೊತ್ತವೇನೂ ಸಣ್ಣದಲ್ಲ. 45 ಕೆಜಿ ಯೂರಿಯಾ ಚೀಲಕ್ಕೆ ನಾವು ಕೊಡುವುದು 266 ರೂಪಾಯಿ 50 ಪೈಸೆ. ಉಳಿದದ್ದನ್ನು ಕೇಂದ್ರ ಸರ್ಕಾರ ಕಂಪನಿಗೆ ಕೊಡುತ್ತದೆ. ಅಂಗಡಿಯ ಮಷಿನ್‌ನಲ್ಲಿ ನೀವು ಹೆಬ್ಬೆಟ್ಟು ಒತ್ತಿದಾಗ ಆ ಚೀಲ ಮಾರಾಟವಾಯಿತು ಅಂತ ದಾಖಲಾಗುತ್ತದೆ, ಅದರ ಮೇಲೆ ಕಂಪನಿಗೆ ಹಣ ಹೋಗುತ್ತದೆ. ಹಾಗಾಗಿ ಮಷಿನ್ ರಸೀದಿ ಕೇಳಿ ಪಡೆಯಿರಿ. ನೀವು ಎರಡು ಚೀಲ ಒಯ್ದು ರಸೀದಿಯಲ್ಲಿ ಐದು ಇದ್ದರೆ ಅಲ್ಲೇ ಕೇಳಬಹುದು. ಪಂಪ್‌ಸೆಟ್ ಕರೆಂಟೂ ಹೀಗೆಯೇ. 10 ಎಚ್‌ಪಿವರೆಗೆ ನಮಗೆ ಬಿಲ್ ಇಲ್ಲ, ಹಣ ಸರ್ಕಾರದಿಂದ ಹೆಸ್ಕಾಂಗೆ ಹೋಗುತ್ತದೆ. ಇವಕ್ಕೆ ಊರವಾರು ಪಟ್ಟಿ ಹುಡುಕುತ್ತಾ ಕೂರಬೇಡಿ.

ಎರಡನೇ ಹೆಜ್ಜೆ: ಕೈಯಲ್ಲಿ ಏನಿರಬೇಕು

ಒಂದು ಇನ್ನೂರು ಪುಟದ ನೋಟ್‌ಬುಕ್, ನಿಮ್ಮ ಉತಾರ (ಪಹಣಿಗೆ ನಮ್ಮ ಕಡೆಯ ಹೆಸರು), ಎಫ್‌ಐಡಿ ನಂಬರ್. ಎಫ್‌ಐಡಿ ಅಂದರೆ ರಾಜ್ಯದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೆ ಕೊಡುವ ಗುರುತಿನ ಸಂಖ್ಯೆ. ಈಗ ರಾಜ್ಯದ ಬಹುತೇಕ ಕೃಷಿ ಯೋಜನೆಗಳ ಹಣ ಬರುವುದು ಇದರ ಮೂಲಕವೇ. ಎಫ್‌ಐಡಿ ಇದ್ದರಷ್ಟೇ ಸಾಲದು, ಅದಕ್ಕೆ ನಿಮ್ಮ ಎಲ್ಲ ಸರ್ವೆ ನಂಬರ್, ಎಲ್ಲ ಹಿಸ್ಸಾ (ಸರ್ವೆ ನಂಬರಿನ ಪಾಲು) ಜೋಡಣೆ ಆಗಿರಬೇಕು. ಕಾಕಾನ ಕಥೆಯ ಗಂಟು ಇಲ್ಲೇ ಇದೆ, ಮುಂದೆ ಹೇಳುತ್ತೇನೆ.

ಇನ್ನೊಂದು, ಎಕರೆ–ಹೆಕ್ಟೇರ್ ಲೆಕ್ಕ. ಸರ್ಕಾರದ ದರವೆಲ್ಲ ಹೆಕ್ಟೇರಿನಲ್ಲಿ, ನಮ್ಮ ಮಾತೆಲ್ಲ ಎಕರೆ–ಗುಂಟೆಯಲ್ಲಿ. ಒಂದು ಹೆಕ್ಟೇರ್ ಅಂದರೆ 2.47 ಎಕರೆ. 40 ಗುಂಟೆಗೆ ಒಂದು ಎಕರೆ. ಎರಡು ಹೆಕ್ಟೇರ್ ಮಿತಿ ಅಂದರೆ ಐದು ಎಕರೆಗೆ ಸ್ವಲ್ಪ ಕಡಿಮೆ. ಊರಿನ ಅರ್ಧ ಜಗಳ ಈ ಲೆಕ್ಕ ಗೊತ್ತಿಲ್ಲದೆ ಆಗುತ್ತದೆ.

ಮೂರನೇ ಹೆಜ್ಜೆ: ಮಾಹಿತಿ ಕಣಜ

ಮೊಬೈಲ್‌ನಲ್ಲಿ "ಮಾಹಿತಿ ಕಣಜ" ಅಂತ ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿ. ಇದು ರಾಜ್ಯ ಸರ್ಕಾರದ ತಾಣ. ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕಾದ ವಿವರವನ್ನು ಒಂದೇ ಕಡೆ ಇಡಲು ಮಾಡಿದ್ದು. ರಾಜಸ್ಥಾನದಲ್ಲಿ 2019ರಲ್ಲಿ ಶುರುವಾದ ಜನ ಸೂಚನಾ ಪೋರ್ಟಲ್ ಇದಕ್ಕೆ ಮಾದರಿ. ಒಳಗೆ ಹೋಗಲು ಪಾಸ್‌ವರ್ಡ್ ಬೇಡ, ಆಧಾರ್ ಬೇಡ.

ಇಲಾಖೆ ಆರಿಸಿ, ಸೇವೆ ಆರಿಸಿ, ನಂತರ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಅಂತ ಒಂದೊಂದಾಗಿ ಇಳಿಯಿರಿ. ಎರಡು ಕಡೆ ಎಡವುತ್ತೇವೆ. ಒಂದು, ತಾಲೂಕು. ಚಡಚಣ, ತಾಳಿಕೋಟೆ, ನಿಡಗುಂದಿ, ಮೂಡಲಗಿ, ಕಾಗವಾಡ, ಇಳಕಲ್, ಗುಳೇದಗುಡ್ಡ ಇವೆಲ್ಲ ಹೊಸ ತಾಲೂಕುಗಳು. ಕೆಲವು ಪಟ್ಟಿಯಲ್ಲಿ ಊರು ಹೊಸ ತಾಲೂಕಿನ ಕೆಳಗೆ ಇರುತ್ತದೆ, ಕೆಲವದರಲ್ಲಿ ಹಳೆಯದರ ಕೆಳಗೇ ಕೂತಿರುತ್ತದೆ. ಊರು ಸಿಗದಿದ್ದರೆ ಹಳೆಯ ತಾಲೂಕಿನಲ್ಲಿ ನೋಡಿ. ಎರಡು, ಊರಿನ ಹೆಸರು. ಖುರ್ದ್, ಬುದ್ರುಕ್, ಕೆ.ಡಿ., ಬಿ.ಕೆ. ಅಂತ ಜೋಡಿ ಊರುಗಳು ನಮ್ಮಲ್ಲಿ ಬಹಳ. ತಪ್ಪು ಊರಿನ ಪಟ್ಟಿ ತೆರೆದು "ನಮ್ಮ ಹೆಸರೇ ಇಲ್ಲ" ಅಂತ ಕೂಗಾಡಿದವರನ್ನು ನಾನೇ ನೋಡಿದ್ದೇನೆ.

ಪಟ್ಟಿ ಸಿಕ್ಕ ಕೂಡಲೇ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಇವತ್ತು ಕಂಡದ್ದು ಮುಂದಿನ ತಿಂಗಳು ಅದೇ ಜಾಗದಲ್ಲಿ ಇರುತ್ತದೆ ಅನ್ನುವ ಭರವಸೆ ಬೇಡ.

ನಾಲ್ಕನೇ ಹೆಜ್ಜೆ: ಪಿಎಂ ಕಿಸಾನ್ ಪಟ್ಟಿ

ಇದು ಎಲ್ಲಕ್ಕಿಂತ ಸುಲಭ. ಪಿಎಂ ಕಿಸಾನ್ ತಾಣದ ಮುಖಪುಟದಲ್ಲಿ ಫಾರ್ಮರ್ಸ್ ಕಾರ್ನರ್ ಇದೆ. ಅಲ್ಲಿ ಫಲಾನುಭವಿಗಳ ಪಟ್ಟಿ ಒತ್ತಿ, ರಾಜ್ಯದಿಂದ ಊರಿನವರೆಗೆ ಆರಿಸಿದರೆ ಹೆಸರುಗಳು ಬರುತ್ತವೆ. ಯೋಜನೆ ಶುರುವಾಗಿದ್ದು 2019ರ ಫೆಬ್ರುವರಿಯಲ್ಲಿ. 2,000ದ ಮೂರು ಕಂತು.

ಪಟ್ಟಿ ಓದುವಾಗ ನಿಯಮ ಗೊತ್ತಿರಬೇಕು. ಗಂಡ, ಹೆಂಡತಿ, ಹದಿನೆಂಟು ತುಂಬದ ಮಕ್ಕಳು ಸೇರಿ ಒಂದು ಕುಟುಂಬ, ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಆದಾಯ ತೆರಿಗೆ ಕಟ್ಟಿದವರಿಗೆ ಇಲ್ಲ. ಡಿ ದರ್ಜೆ ಬಿಟ್ಟು ಉಳಿದ ಸರ್ಕಾರಿ ನೌಕರರಿಗೆ ಇಲ್ಲ, ತಿಂಗಳಿಗೆ 10,000 ಅಥವಾ ಜಾಸ್ತಿ ಪಿಂಚಣಿ ಬರುವವರಿಗೂ ಇಲ್ಲ. ವೃತ್ತಿಯಲ್ಲಿರುವ ಡಾಕ್ಟರು, ವಕೀಲರು, ಎಂಜಿನಿಯರ್, ಆಡಿಟರ್‌ಗಳಿಗೂ ಇಲ್ಲ. ನಿಮ್ಮದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಬರುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಹಣ ವಾಪಸ್ ಕಟ್ಟಲು ಅದೇ ತಾಣದಲ್ಲಿ ಅವಕಾಶ ಇದೆ. ಮಂದಿಯ ಲೆಕ್ಕ ಕೇಳಲು ಹೊರಟವರ ಲೆಕ್ಕವನ್ನೇ ಮಂದಿ ಮೊದಲು ತೆಗೆಯುತ್ತಾರೆ, ಅಲ್ವಾ?

ಐದನೇ ಹೆಜ್ಜೆ: ಪರಿಹಾರ ಪಟ್ಟಿ

ಕಂದಾಯ ಇಲಾಖೆಯ "ಪರಿಹಾರ" ತಾಣದಲ್ಲಿ ಬೆಳೆಹಾನಿ ಹಣದ ವಿವರ ಸಿಗುತ್ತದೆ. ನಿಮ್ಮೊಬ್ಬರದು ನೋಡಬಹುದು, ಊರವಾರು ಪಟ್ಟಿಯನ್ನೂ ನೋಡಬಹುದು. ವರ್ಷ, ಹಂಗಾಮು, ವಿಪತ್ತಿನ ಬಗೆ ಮೂರನ್ನೂ ಸರಿಯಾಗಿ ಆರಿಸಬೇಕು. ಬರಕ್ಕೆ ಬಂದ ಹಣವನ್ನು ನೆರೆಯ ಪಟ್ಟಿಯಲ್ಲಿ ಹುಡುಕಿದರೆ ಖಾಲಿ ಪುಟ ಬರುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಹೆಸರು ಹುಡುಕಬೇಡಿ, ಸರ್ವೆ ನಂಬರ್ ಹುಡುಕಿ. ನಮ್ಮ ಕಡೆ ಒಂದೇ ಊರಲ್ಲಿ ಎಂಟು ಮಂದಿ ಮಲ್ಲಪ್ಪ, ಹತ್ತು ಮಂದಿ ಬಸಪ್ಪ. ಅಡ್ಡಹೆಸರೂ ಒಂದೇ. ಅಪ್ಪನ ಹೆಸರೂ ಒಮ್ಮೊಮ್ಮೆ ಒಂದೇ! ಹೆಸರು ನೋಡಿ "ಇವನೇ" ಅಂದರೆ ನೂರಕ್ಕೆ ಐವತ್ತು ತಪ್ಪು. ಹೊಲದ ನಂಬರ್ ಮಾತ್ರ ಸುಳ್ಳು ಹೇಳುವುದಿಲ್ಲ. ಆ ನಂಬರಿನ ಉತಾರವನ್ನು ಭೂಮಿ ತಾಣದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು.

ಈಗ ದರ. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ದ್ರಾಕ್ಷಿ–ದಾಳಿಂಬೆಯಂಥ ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರ್ ಮಿತಿ. ಹಾನಿ ಶೇ 33ಕ್ಕೆ ಕಡಿಮೆ ಇರಬಾರದು. ಎಕರೆಗೆ ಇಳಿಸಿದರೆ ಮಳೆಯಾಶ್ರಿತಕ್ಕೆ ಸುಮಾರು 3,440, ಗುಂಟೆಗೆ 86. 2025ರ ಮುಂಗಾರಿನ ಹಾನಿಗೆ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ ಇನ್ನೂ 8,500 ಘೋಷಿಸಿತು. ಹಾಗಾಗಿ ಯಾವ ವರ್ಷದ ಪಟ್ಟಿ ಅಂತ ನೋಡಿಯೇ ಗುಣಿಸಿ.

ಕಾಕಾನ ಲೆಕ್ಕಕ್ಕೆ ಬರೋಣ. 3 ಎಕರೆ 30 ಗುಂಟೆ ಅಂದರೆ 150 ಗುಂಟೆ. 86ರಿಂದ ಗುಣಿಸಿದರೆ 12,900. ಆಚೆ ಹೊಲದವರಿಗೆ ಬಂದದ್ದು ಅವರ ಹೊಲಕ್ಕೆ ಸರಿಯಾಗಿ ಹೊಂದುತ್ತಿತ್ತು, ಒಂದು ರೂಪಾಯಿ ಜಾಸ್ತಿ ಇಲ್ಲ. ಹಾಗಾದರೆ ಕಾಕಾನ 4,300 ಎಲ್ಲಿಂದ ಬಂತು? ತಿರುಗಿ ಭಾಗಿಸಿದೆವು. 4,300ನ್ನು 86ರಿಂದ ಭಾಗಿಸಿದರೆ 50 ಗುಂಟೆ. 1 ಎಕರೆ 10 ಗುಂಟೆ. ಕಾಕಾನ ಹೊಲ ಮೂರು ಹಿಸ್ಸಾದಲ್ಲಿದೆ, ಮೊದಲ ಹಿಸ್ಸಾ ಸರಿಯಾಗಿ ಅಷ್ಟೇ! ಉಳಿದ ಎರಡು ಹಿಸ್ಸಾ ಎಫ್‌ಐಡಿಗೆ ಜೋಡಣೆಯೇ ಆಗಿರಲಿಲ್ಲ. ಒಂದು ಕಚೇರಿಯಲ್ಲಿ ಹಿಸ್ಸಾ ನಂಬರ್ ತಪ್ಪಾಗಿ ಟೈಪ್ ಆಗಿತ್ತು. ಕಾಕಾ ಕಾಗದ ಕೊಟ್ಟದ್ದು ನಿಜ, ಸ್ವೀಕೃತಿ ತಗೊಂಡಿರಲಿಲ್ಲ.

ಈ ತಿರುಗಿ ಭಾಗಿಸುವ ಲೆಕ್ಕ ಕಲಿತುಕೊಳ್ಳಿ. ಬಂದ ಹಣದಿಂದ ಗುಂಟೆಗೆ ಬನ್ನಿ, ಗುಂಟೆಯಿಂದ ಹಿಸ್ಸಾಕ್ಕೆ ಬನ್ನಿ. ಯಾವ ತುಂಡು ಬಿಟ್ಟುಹೋಗಿದೆ ಅಂತ ಹತ್ತು ನಿಮಿಷದಲ್ಲಿ ಸಿಗುತ್ತದೆ. ಮೊತ್ತ ಗುಂಟೆಗೆ ಹೊಂದದಿದ್ದರೆ ಬೆಳೆ ಹೊಂದಿಲ್ಲ ಅಂತ ಅರ್ಥ. ನೀವು ಬಿತ್ತಿದ್ದು ಈರುಳ್ಳಿ, ಬೆಳೆ ಸಮೀಕ್ಷೆಯಲ್ಲಿ ಬಿದ್ದದ್ದು ಬೀಳು ಜಮೀನು ಅಂತಿದ್ದರೆ ಹಣ ಬರುವುದಿಲ್ಲ. "ಬೆಳೆ ದರ್ಶಕ್" ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಅಂತ ನೋಡಿ. ತಪ್ಪಿದ್ದರೆ ಹಂಗಾಮಿನ ಒಳಗೇ ಆಕ್ಷೇಪ ಹಾಕಿ. ಪರಿಹಾರ ಹಂಚಿ ಮುಗಿದ ಮೇಲೆ ಅತ್ತರೆ ಏನೂ ಆಗದು.

ಮೂರನೇ ಕಾರಣ ಬ್ಯಾಂಕ್. ಆಧಾರ್‌ಗೆ ಕೊನೆಗೆ ಯಾವ ಖಾತೆ ಜೋಡಿಸಿದ್ದೀರೋ ಹಣ ಅಲ್ಲಿಗೆ ಹೋಗುತ್ತದೆ. ಮಗ ಬೆಳಗಾವಿಯಲ್ಲಿ ಕೂಲಿಗಿದ್ದಾಗ ಅಪ್ಪನ ಹೆಸರಲ್ಲಿ ಯಾವುದೋ ಖಾತೆ ತೆರೆಸಿ ಮರೆತಿರುತ್ತಾನೆ. ಪಟ್ಟಿಯಲ್ಲಿ "ಪಾವತಿಯಾಗಿದೆ" ಅಂತ ಇದ್ದು ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೆ, ಯಾರ ಮೇಲಾದರೂ ಅನುಮಾನ ಪಡುವ ಮುಂಚೆ ಡಿಬಿಟಿ (ಖಾತೆಗೆ ನೇರ ಹಣ ವರ್ಗಾವಣೆ) ಕರ್ನಾಟಕ ಆ್ಯಪ್ ತೆರೆಯಿರಿ. ಯಾವ ಬ್ಯಾಂಕಿಗೆ, ಯಾವ ದಿನ ಹೋಗಿದೆ ಅಂತ ಅದು ತೋರಿಸುತ್ತದೆ.

ಬೆಳೆ ವಿಮೆ

ಇದನ್ನು ಪರಿಹಾರದ ಜೊತೆ ಕಲಸಬೇಡಿ. "ಸಂರಕ್ಷಣೆ" ತಾಣದಲ್ಲಿ ಅರ್ಜಿ ನಂಬರ್ ಹಾಕಿ ನಿಮ್ಮ ಸ್ಥಿತಿ ನೋಡಬಹುದು. ರೈತನ ಕಂತು ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಉಳಿದ ಪ್ರೀಮಿಯಂ ಕೇಂದ್ರ, ರಾಜ್ಯ ತುಂಬುತ್ತವೆ. ಆ ತುಂಬಿದ್ದೇ ಸಬ್ಸಿಡಿ. ಇಳುವರಿ ಲೆಕ್ಕ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಸಣ್ಣ ಬೆಳೆಗೆ ಹೋಬಳಿ ಮಟ್ಟದಲ್ಲಿ ಆಗುತ್ತದೆ. ಪಕ್ಕದ ಪಂಚಾಯಿತಿಗೆ ಬಂದು ನಮಗೆ ಬರದಿದ್ದರೆ ಬೆಳೆ ಕಟಾವು ಪ್ರಯೋಗದ ವಿವರ ಕೇಳಬೇಕು. ಯಾವ ಸರ್ವೆ ನಂಬರಿನಲ್ಲಿ ಮಾಡಿದರು, ಎಷ್ಟು ತೂಕ ಬಂತು. ಅದನ್ನು ಮಾಹಿತಿ ಹಕ್ಕಿನಲ್ಲೇ ಕೇಳಿ.

ಆರನೇ ಹೆಜ್ಜೆ: ಪಟ್ಟಿ ಸಿಗದಿದ್ದರೆ ಅರ್ಜಿ

ತಾಡಪತ್ರಿ, ಪೈಪು, ಯಂತ್ರ, ಹೊಂಡ. ಊರಲ್ಲಿ ಜಾಸ್ತಿ ಗುಸುಗುಸು ಇವುಗಳ ಬಗ್ಗೆಯೇ. ಇಂಥ ಪಟ್ಟಿ ಆನ್‌ಲೈನ್‌ನಲ್ಲಿ ಪೂರ್ತಿ ಸಿಗದಿದ್ದರೆ ಅರ್ಜಿ ಹಾಕಿ. ಆದರೆ ಅರ್ಜಿಗೂ ಮುಂಚೆ ಒಂದು ದಿನ ಕಚೇರಿಗೆ ಹೋಗಿ, "ಈ ವರ್ಷದ ಫಲಾನುಭವಿಗಳ ಪಟ್ಟಿ ನೋಟಿಸ್ ಬೋರ್ಡಿಗೆ ಹಚ್ಚಿದ್ದೀರಾ ಸರ್?" ಅಂತ ಕೇಳಿ. ಕೆಲವೊಮ್ಮೆ ಅಷ್ಟಕ್ಕೇ ಒಂದು ಪ್ರತಿ ಸಿಗುತ್ತದೆ. ಒಳ್ಳೆಯ ಸಿಬ್ಬಂದಿಯೂ ಇದ್ದಾರೆ, ಅವರನ್ನು ಎದುರು ಹಾಕಿಕೊಳ್ಳುವುದು ದಡ್ಡತನ.

ಕರ್ನಾಟಕದ ನಿಯಮದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಹಚ್ಚಿ. ಪೋಸ್ಟ್ ಆಫೀಸಿನಲ್ಲಿ ಪೋಸ್ಟಲ್ ಆರ್ಡರ್ ಸಿಗುತ್ತದೆ. ರಾಜ್ಯದ ಆನ್‌ಲೈನ್ ಮಾಹಿತಿ ಹಕ್ಕು ತಾಣವೂ ಇದೆ. ನೆನಪಿರಲಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಳೆಯ ಸಿಟ್ಟೆಲ್ಲ ಬರೆದು ಮೂರು ಪುಟ ಮಾಡಿದರೆ ಅದನ್ನೇ ಕಾರಣ ಮಾಡಿ ತಿರುಗಿಸುತ್ತಾರೆ. ಯಾಕೆ ಬೇಕು ಅಂತ ಹೇಳುವ ಅಗತ್ಯವಿಲ್ಲ, 6ನೇ ಕಲಂ ಆ ಪ್ರಶ್ನೆಯನ್ನೇ ಕೇಳಬಾರದು ಅನ್ನುತ್ತದೆ.

ನಾವು ಬಳಸಿದ ಒಕ್ಕಣೆ ಹೀಗಿತ್ತು:

"ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಸಹಾಯಕ ಕೃಷಿ ನಿರ್ದೇಶಕರ ಕಚೇರಿ, ಇವರಿಗೆ. ವಿಷಯ: ಕೃಷಿ ಯಾಂತ್ರೀಕರಣ ಯೋಜನೆಯ ಫಲಾನುಭವಿಗಳ ವಿವರ. ನಮ್ಮ ಗ್ರಾಮಕ್ಕೆ ಸಂಬಂಧಿಸಿ 01-04-2024ರಿಂದ 31-03-2025ರವರೆಗೆ: 1. ಸಹಾಯಧನ ಪಡೆದವರ ಪಟ್ಟಿ (ಹೆಸರು, ವರ್ಗ, ಉಪಕರಣ, ಪೂರ್ಣ ದರ, ರೈತರ ವಂತಿಕೆ, ಸಹಾಯಧನ, ಪಾವತಿ ದಿನಾಂಕ). 2. ಅರ್ಜಿಗಳ ಜ್ಯೇಷ್ಠತಾ ಪಟ್ಟಿ ಮತ್ತು ಆಯ್ಕೆ ಮಾಡಿದ ಸಭೆಯ ನಡಾವಳಿ. 3. ಹೋಬಳಿಗೆ ನೀಡಿದ ಗುರಿ, ಅನುದಾನ ಮತ್ತು ವೆಚ್ಚ. ಇದು ಕಲಂ 4(1)(ಬಿ)ಯ 12ನೇ ಅಂಶದಡಿ ಪ್ರಕಟಿಸಬೇಕಾದ ಮಾಹಿತಿ. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಬೇಕಿಲ್ಲ. ಕಲಂ 10ರಂತೆ ಅವನ್ನು ಮರೆಮಾಡಿ ಉಳಿದದ್ದನ್ನು ನೀಡಿ."

ಎರಡನೇ ಪ್ರಶ್ನೆ ಬಿಡಬೇಡಿ. ಮೊದಲ ಪಟ್ಟಿ ಯಾರಿಗೆ ಸಿಕ್ಕಿತು ಅಂತ ಹೇಳುತ್ತದೆ. ಯಾರು ಮೊದಲು ಅರ್ಜಿ ಹಾಕಿ ಸಿಗದೆ ಉಳಿದರು ಅನ್ನುವುದು ಜ್ಯೇಷ್ಠತಾ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ನಮ್ಮೂರಲ್ಲಿ ನಿಜವಾದ ಅನ್ಯಾಯ ಕಂಡಿದ್ದು ಅಲ್ಲೇ.

ಉತ್ತರ ಬರದಿದ್ದರೆ

30 ದಿನ ಕಾಯಿರಿ. ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ 5 ದಿನದಲ್ಲಿ ಅವರೇ ಸರಿಯಾದ ಕಚೇರಿಗೆ ಕಳಿಸಬೇಕು. 30 ದಿನ ದಾಟಿದ ಮೇಲೆ ಕೊಟ್ಟರೆ ಪುಟಕ್ಕೆ ಹಣ ಕೇಳುವಂತಿಲ್ಲ. ಉತ್ತರ ಬರದಿದ್ದರೆ, ಇಲ್ಲವೇ ಅರ್ಧಂಬರ್ಧ ಬಂದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಯಾರಿಗೆ ಹಾಕಬೇಕು ಅನ್ನುವುದು ಕಚೇರಿಯ ಬೋರ್ಡಿನಲ್ಲಿ ಬರೆದಿರಬೇಕು. ಅದಕ್ಕೂ ಸರಿಯಾದ ಉತ್ತರ ಸಿಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗಕ್ಕೆ ಬೆಂಗಳೂರಿನ ಜೊತೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಎರಡನೇ ಮೇಲ್ಮನವಿಗೆ ತಾಳ್ಮೆ ಬೇಕು. ಅಷ್ಟರೊಳಗೆ ಇನ್ನೆರಡು ಹಂಗಾಮು ಕಳೆದಿರುತ್ತವೆ. ಅದಕ್ಕೇ ಮೊದಲ ಅರ್ಜಿಯನ್ನೇ ಬಿಗಿಯಾಗಿ ಬರೆಯಿರಿ ಅನ್ನುವುದು.

ಈಗ ಜಾಸ್ತಿ ಕೇಳಿಬರುವ ಉತ್ತರ "ಇದು ವೈಯಕ್ತಿಕ ಮಾಹಿತಿ". ಇದಕ್ಕೆ ಒಂದು ಹಿನ್ನೆಲೆ ಇದೆ. ಮಾಹಿತಿ ಹಕ್ಕಿನ ಕಲಂ 8(1)(ಜೆ)ಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಿದ್ದಿದೆ. 2025ರ ನವೆಂಬರ್‌ನಿಂದ ಆ ತಿದ್ದುಪಡಿ ಜಾರಿಯಲ್ಲಿದೆ. ಮೊದಲು "ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ" ಇಲ್ಲವೇ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ವಿವರಕ್ಕೆ ಮಾತ್ರ ತಡೆ ಇತ್ತು. ಈಗ ಆ ಷರತ್ತು ಹೋಗಿದೆ. ನನ್ನ ಪ್ರಕಾರ ಇದು ಒಳ್ಳೆಯ ಬದಲಾವಣೆ ಅಲ್ಲ, ಕೊಡಲು ಮನಸ್ಸಿಲ್ಲದವರಿಗೆ ಸಲೀಸು ನೆಪ ಸಿಕ್ಕಿದೆ. ಆದರೂ ಎರಡು ಬಾಗಿಲು ತೆರೆದೇ ಇವೆ. 4ನೇ ಕಲಂನ 12ನೇ ಅಂಶವನ್ನು ಯಾರೂ ತೆಗೆದಿಲ್ಲ. ಗುಟ್ಟು ಕಾಯುವುದಕ್ಕಿಂತ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಅನ್ನುವ ಕಲಂ 8(2) ಕೂಡ ಇದೆ. ಮೇಲ್ಮನವಿಯಲ್ಲಿ ಎರಡನ್ನೂ ಬರೆಯಿರಿ.

ಈ ತಕರಾರು ನಮ್ಮಲ್ಲಿ ಮಾತ್ರ ಇಲ್ಲ. ಯುರೋಪಿನಲ್ಲಿ ಯಾವ ರೈತನಿಗೆ ಎಷ್ಟು ಸಬ್ಸಿಡಿ ಅಂತ ಹೆಸರು ಸಮೇತ ಪ್ರಕಟಿಸುತ್ತಿದ್ದರು. ಜರ್ಮನಿಯ ರೈತರು ಕೋರ್ಟಿಗೆ ಹೋದರು. 2010ರ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ದೊಡ್ಡ ನ್ಯಾಯಾಲಯ, ಚಿಕ್ಕವರು ದೊಡ್ಡವರು ಅಂತ ನೋಡದೆ ಎಲ್ಲ ವ್ಯಕ್ತಿಗಳ ಹೆಸರು ಹಾಕುವುದು ಸರಿಯಲ್ಲ ಅಂದಿತು. 2013ರಲ್ಲಿ ಹೊಸ ನಿಯಮ ಬಂತು. ಹೆಸರು ಮತ್ತೆ ಪ್ರಕಟವಾದವು, ತೀರಾ ಸಣ್ಣ ಮೊತ್ತ ಪಡೆದವರ ಹೆಸರು ಮಾತ್ರ ಬಿಟ್ಟರು. ಆ ಮಿತಿ 1,250 ಯೂರೋ. ನನಗೆ ಈ ಮಧ್ಯದ ದಾರಿ ಇಷ್ಟ. ಒಂದು ತಾಡಪತ್ರಿ ಪಡೆದವನ ಹೆಸರು ಊರೂರು ಸುತ್ತಿಸಿ ಆಗುವುದೇನಿದೆ?

ನೀವೂ ಅಷ್ಟೇ ಜಾಗ್ರತೆ ಇಡಿ. ಪಟ್ಟಿಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಬಿಡಬೇಡಿ. ಖಾತೆ ನಂಬರಿನ ಕೊನೆಯ ಅಂಕಿಗಳು, ಮೊಬೈಲ್ ನಂಬರ್ ಕಾಣುತ್ತಿದ್ದರೆ ಮೋಸಗಾರರಿಗೆ ಅಷ್ಟೇ ಸಾಕು. "ಪರಿಹಾರ ಬಂದಿದೆ, ಒಟಿಪಿ ಹೇಳಿ" ಅಂತ ಫೋನ್ ಬರುವುದು ಹೀಗೆಯೇ. ಇನ್ನೊಂದು, ಒಬ್ಬರೇ ಅರ್ಜಿ ಹಾಕಬೇಡಿ. ಮೂರ್ನಾಲ್ಕು ಮನೆಯವರು ಸೇರಿ ಬೇರೆ ಬೇರೆ ಅರ್ಜಿ ಹಾಕಿ. ಮಾಹಿತಿ ಕೇಳಿದ್ದಕ್ಕೆ ಹೊಡೆಸಿಕೊಂಡವರು ಈ ದೇಶದಲ್ಲಿ ಕಡಿಮೆ ಇಲ್ಲ.

ಏಳನೇ ಹೆಜ್ಜೆ: ಪಟ್ಟಿ ಹಿಡಿದು ಹೊಲಕ್ಕೆ

ಕಾಗದ ಮತ್ತು ಹೊಲ ಎರಡೂ ಹೊಂದಬೇಕು. ರಾಜ್ಯದ ಕೃಷಿ ಭಾಗ್ಯ ಯೋಜನೆಯ ಹೊಂಡವನ್ನೇ ತಗೊಳ್ಳಿ. ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟ ಜಾತಿ–ಪಂಗಡಕ್ಕೆ ಶೇ 90 ಸಹಾಯಧನ. ಹೊಂಡಕ್ಕೆ ಅಳತೆ ನಿಗದಿ ಇರುತ್ತದೆ, 10 ಮೀಟರ್ ಉದ್ದ 10 ಮೀಟರ್ ಅಗಲ 3 ಮೀಟರ್ ಆಳದಿಂದ ಶುರುವಾಗಿ 21 ಮೀಟರ್ ಅಳತೆಯವರೆಗೆ. ಪಟ್ಟಿಯಲ್ಲಿ 15 ಮೀಟರಿನ ಹೊಂಡಕ್ಕೆ ಬಿಲ್ ಆಗಿದ್ದರೆ ಟೇಪು ಹಿಡಿದು ನೋಡಬಹುದು. ಹೊಲದವರನ್ನು ಕೇಳಿಯೇ ಅಳೆಯಿರಿ ಮತ್ತೆ. ಪ್ಲಾಸ್ಟಿಕ್ ಹೊದಿಕೆ, ಪಂಪು, ಸುತ್ತಲಿನ ತಂತಿ ಬೇಲಿ ಇವೆಲ್ಲ ಬಿಲ್ಲಿನಲ್ಲಿದ್ದು ಹೊಲದಲ್ಲಿ ಇಲ್ಲದಿದ್ದರೆ ಮೊದಲ ಪ್ರಶ್ನೆ ರೈತನಿಗೆ ಅಲ್ಲ, ಸಾಮಾನು ಕೊಟ್ಟ ಏಜೆನ್ಸಿಗೆ. ಎಷ್ಟೋ ಸಲ ಸಹಿ ಮಾಡಿದ ರೈತನಿಗೂ ತನ್ನ ಹೆಸರಲ್ಲಿ ಏನೇನು ಬಿಲ್ ಆಗಿದೆ ಅಂತ ಗೊತ್ತಿರುವುದಿಲ್ಲ.

ಡ್ರಿಪ್‌ನಲ್ಲೂ ಇದೇ ಆಟ. ರಾಜ್ಯದಲ್ಲಿ ಎರಡು ಹೆಕ್ಟೇರ್‌ವರೆಗೆ ಶೇ 90 ಸಬ್ಸಿಡಿ. ಮುಧೋಳ, ಜಮಖಂಡಿ ಕಡೆ ಕಬ್ಬಿಗೆ ಹಾಕಿಸಿದವರು ಕಂಪನಿಯ ಬಿಲ್ ಪ್ರತಿ ಇಟ್ಟುಕೊಂಡಿದ್ದಾರಾ ಕೇಳಿ ನೋಡಿ. ಪೈಪಿನ ಉದ್ದ, ಫಿಲ್ಟರ್, ಎಕರೆ ಎಲ್ಲ ಅದರಲ್ಲಿ ಬರೆದಿರುತ್ತದೆ. ಬಿಲ್ಲಿನ ಉದ್ದಕ್ಕೂ ಹೊಲದ ಉದ್ದಕ್ಕೂ ವ್ಯತ್ಯಾಸ ಇದ್ದರೆ ತೋಟಗಾರಿಕೆ ಅಥವಾ ಕೃಷಿ ಇಲಾಖೆಯ ಜಿಲ್ಲಾ ಕಚೇರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಹೌದು, ಸ್ವೀಕೃತಿ! ಕಾಕಾನ ಕಥೆ ಮರೆಯಬೇಡಿ.

ಎಂಟನೇ ಹೆಜ್ಜೆ: ಊರ ಮುಂದೆ ಓದುವುದು

ಪಟ್ಟಿ ಕೈಗೆ ಬಂದ ಮೇಲೆ ಗ್ರಾಮಸಭೆಗೆ ಒಯ್ಯಿರಿ. ಪಂಚಾಯಿತಿಯ ಮೂಲಕ ನಡೆದ ಕೆಲಸಗಳಿಗೆ ವರ್ಷಕ್ಕೊಮ್ಮೆ ಜಮಾಬಂದಿ ಇರುತ್ತದೆ, ಸಾಮಾನ್ಯವಾಗಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ. ಅವತ್ತು ಲೆಕ್ಕದ ಪುಸ್ತಕ ಜನರ ಮುಂದೆ ಇಡಬೇಕು. ಉದ್ಯೋಗ ಖಾತ್ರಿಯಲ್ಲಿ ಆದ ಬದು, ಹೊಂಡ, ದನದ ಕೊಟ್ಟಿಗೆಗಳ ಲೆಕ್ಕ ಅಲ್ಲಿ ಕೇಳಲು ಬರುತ್ತದೆ. ನಮ್ಮ ಕಡೆ ಎಷ್ಟೋ ಕಡೆ ಜಮಾಬಂದಿ ಅಂದರೆ ಚಾ, ಉಪ್ಪಿಟ್ಟು, ಸಹಿ ಅಷ್ಟಕ್ಕೇ ಮುಗಿಯುತ್ತದೆ. ನಾಲ್ಕು ಜನ ಪಟ್ಟಿ ಹಿಡಿದು ಕೂತರೆ ಸಭೆ ತಾನಾಗಿಯೇ ಉದ್ದವಾಗುತ್ತದೆ.

ಓದುವಾಗ "ಇವನಿಗೆ ಯಾಕೆ ಕೊಟ್ಟಿರಿ" ಅಂತ ಶುರು ಮಾಡಬೇಡಿ. ಅರ್ಧ ಸಭೆ ನೆಂಟಸ್ತಿಕೆಯ ಜಗಳಕ್ಕೆ ತಿರುಗುತ್ತದೆ. ಬಿಟ್ಟುಹೋದವರಿಂದ ಶುರು ಮಾಡಿ: ಈ ಸರ್ವೆ ನಂಬರಿಗೆ ಯಾಕೆ ಬಂದಿಲ್ಲ, ಈ ಅರ್ಜಿ ಮೊದಲು ಬಂದಿತ್ತು, ಯಾಕೆ ಹಿಂದೆ ಬಿತ್ತು. ಉತ್ತರ ಏನೇ ಬರಲಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿಗೂ ಮುಂಚೆ ಓದಿಸಿ ಕೇಳಿ.

ನಮ್ಮೂರಲ್ಲಿ ಮೊದಲ ಸಲ ಪಟ್ಟಿ ಓದಿದ್ದು ಗುಡಿ ಕಟ್ಟೆಯ ಮೇಲೆ, ಅದೇ ಜಗಳ ಹುಟ್ಟಿದ ಜಾಗದಲ್ಲಿ. ಕಾಕಾಗೆ ಕನ್ನಡಕ ತರುವುದು ಮರೆತಿತ್ತು. ಆಚೆ ಹೊಲದವರು ಏನೂ ಮಾತಾಡದೆ ಕಾಗದ ಈಸಿಕೊಂಡರು. ಬಿಟ್ಟುಹೋದ ಎರಡು ಹಿಸ್ಸಾ ನಂಬರನ್ನು ಅವರೇ ಜೋರಾಗಿ ಓದಿ, ಪೆನ್ನಿನಿಂದ ಗೆರೆ ಎಳೆದು ಕೊಟ್ಟರು.